ಶನಿವಾರದ ಮೋಜಿಣಿ

ಶನಿವಾರಸಂತೆಗೆ ನಾನು ಹೋಗುವುದು ಮಂಗಳವಾರ,
ಮೊದಲ ಬಸ್ಸಿಗೆ, ಭುಜದ ಮೇಲೆ ಮುಕ್ಕಾಲಿ.
ನನಗೆ ಸೊನ್ನೆ ರೂಪಾಯಿಯ ಚೀಟಿ,
ಮುಕ್ಕಾಲಿಗೆ ಅರ್ಧ ಟಿಕೆಟು.

ಬಾಣೆ ಯಾರದು, ಬರೆ ಯಾರದು,
ಅಣ್ಣನ ಸಿಲ್ವರ್ ಮರದ ನೆರಳು
ತಮ್ಮನ ಕಣದಲ್ಲಿ ಬಿದ್ದರೆ
ಆ ನೆರಳು ಯಾರ ಪಹಣಿಗೆ,
ಇಂಥದ್ದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ.
ತಿಂಗಳಿಗೆ ಇಪ್ಪತ್ತೆಂಟು ಕಡತ.
ಬಾಂದು ಕಲ್ಲು ನೆಟ್ಟು ಬಂದರೆ
ರಾತ್ರಿ ಕಲ್ಲಿಗೆ ಕಾಲು ಬರುತ್ತದೆ,
ಬೆಳಿಗ್ಗೆ ನನಗೆ ಫೋನು ಬರುತ್ತದೆ.

"ಮೋಜಿಣಿ ಇಲಾಖೆ ಅಂತೀಯ,
ಮೋಜೆಲ್ಲಿ ಉಂಟು?" ಜಂಶೀರನ ಹಳೇ ಪ್ರಶ್ನೆ.
ಕಕ್ಕೆಹೊಳೆ ಜಂಕ್ಷನ್ನಿನಲ್ಲಿ ಟಯರಿಗೆ ತೇಪೆ ಹಾಕುವವನು,
ಬೆರಳಿನ ಕರಿ ಅವನ ನಿಕಾಹಿಗೂ ಹೋಗಲಿಲ್ಲ.

ಮೋಜು ಇರುವುದು ಬಾಡಿಗೆ ಕೋಣೆಯ ಕಪಾಟಿನಲ್ಲಿ, ಮಾರಾಯ:
ಒಂದು ಪಾದರಸದ ಬಲ್ಬು, ಒಂದು ನೋಟುಬುಕ್ಕು,
ಅದರೊಳಗೆ ಮುನ್ನೂರ ಹನ್ನೆರಡು ಪತಂಗ.
ಹೆಸರು ಸಿಗದವಕ್ಕೆ ನಾನೇ ಇಟ್ಟದ್ದು:
ಹಳೇ ರಸೀದಿ, ಇಸ್ತ್ರಿ ತಾಗಿದ ರೇಷ್ಮೆ,
ತಹಶೀಲ್ದಾರರ ಸಹಿ.

ಬಿಡುವು ಹೊಂದಿಸುವುದಿದೆಯಲ್ಲ,
ಅದು ಜಮ್ಮಾ ಜಮೀನಿನ ಪಾಲಿಗಿಂತ ಕಷ್ಟ.
ಬೊಳ್ಳಮ್ಮನಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ,
ಜಂಶೀರನಿಗೆ ಪ್ರವಾಸಿಗರ ಪಂಚರು,
ತೀರ್ಥೇಶನಿಗೆ ಟ್ಯೂಷನ್ನಿನ ತ್ರಿಕೋನಮಿತಿ.
ನಾನೋ, ಬರುತ್ತೇನೆ ಅಂದು ಬಾರದೆ
ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿ ಹಾಕಿ
ಮೂವರನ್ನೂ ದೇವರು ಮಾಡಿಬಿಟ್ಟಿದ್ದೆ.

ಅಂತೂ ಅಕ್ಟೋಬರಿನ ಒಂದು ಶನಿವಾರ
ಚಕ್ಕುಬಂದಿ ಕೂಡಿತು.
ತೀರ್ಥೇಶನ ಮಾವನ ಕಣ, ಮಳೆ ಬಿಟ್ಟು ಹದಿನೈದು ದಿನ.
ಬಿಳಿ ಹಾಸು ಬೊಳ್ಳಮ್ಮ ತಂದದ್ದು,
ಮೂಲೆಯಲ್ಲಿ ನೀಲಿ ಮುದ್ರೆ: ಸರ್ಕಾರಿ ಆಸ್ಪತ್ರೆ.
ಪೊಟ್ಟಣದಲ್ಲಿ ಪರೋಟ, ಆರಿ ಚರ್ಮವಾದದ್ದು.
ಬಲ್ಬು ಹಾಕಿದೆವು. ಐದು ನಿಮಿಷ.
ಕರೆಂಟು ಹೋಯಿತು.

ಜಂಶೀರ ಪಿಕಪ್ಪು ತಿರುಗಿಸಿ ಹೆಡ್‌ಲೈಟು ಹಚ್ಚಿದ,
"ಬ್ಯಾಟರಿ ಕೂತರೆ ತಳ್ಳುವುದು ನೀವು."

ಬಂದವು. ಮೊದಲು ಜೀರಿಗೆಯಷ್ಟಿನವು,
ಆಮೇಲೆ ಬೂದಿ ಬಣ್ಣ, ಆಮೇಲೆ ಪಾಚಿ,
ಒಂದು ಅವನ ಅಂಗಿಗೆ ಕೂತು ಗುಂಡಿಯಾಯಿತು.
ಬೊಳ್ಳಮ್ಮ ಮುಂದಿನ ಸೀಟಿನಲ್ಲಿ
ಬಾಯಿ ತೆರೆದು ನಿದ್ದೆ, ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದವಳು.
ಎಬ್ಬಿಸಲಾ ಅಂದ ತೀರ್ಥೇಶ.
ಬೇಡ, ಅದಕ್ಕೇ ಬಂದಿದ್ದಾಳೆ.

ಹತ್ತೂ ಇಪ್ಪತ್ತಕ್ಕೆ ಫೋನು.
"ಮೇಡಂ, ಕಲ್ಲು ಮೂರಡಿ ಆಚೆ ಹೋಗಿದೆ, ನೀವು ಈಗಲೇ..."
ಬೆನ್ನು ತಿರುಗಿಸಿ ಅಡಿ, ಅಂಗುಲ, ಅರ್ಜಿ ಅನ್ನುತ್ತಿದ್ದೆ.
ಹಿಂದೆ ಹುಡುಗರ ಮಾತು ಒಮ್ಮೆಲೇ ನಿಂತಿತು.

ತಿರುಗಿದರೆ ಅದು.
ಎರಡು ವರ್ಷ ಕಾದದ್ದು.
ಅಂಗೈ ಎರಡೂ ಬಿಡಿಸಿಟ್ಟಷ್ಟು ಅಗಲ,
ಮುದ್ರೆಯ ಮೇಲೇ ಕೂತು,
ಆಸ್ಪತ್ರೆಯನ್ನು ಮುಚ್ಚಿ ಸರ್ಕಾರಿಯನ್ನಷ್ಟೇ ಉಳಿಸಿ.
ರೆಕ್ಕೆಯ ತುಂಬ ಇಟ್ಟಿಗೆ ಕೆಂಪಿನ ನಕಾಶೆ,
ಹಳ್ಳ, ಏರಿ, ಕಾಲುದಾರಿ,
ನಡುನಡುವೆ ಗಾಜಿನ ಕಿಟಕಿ.
ಯಾವ ಹೋಬಳಿಯೋ, ಯಾರ ಹೆಸರಿಗಿದೆಯೋ.

"ಇದಕ್ಕೆ ಬಾಯಿಲ್ಲ," ಪಿಸುಗುಟ್ಟಿದೆ,
"ರೆಕ್ಕೆ ಬಂದ ಮೇಲೆ ಊಟವಿಲ್ಲ. ಒಂದು ವಾರ, ಅಷ್ಟೆ."
"ಬಾಯಿಲ್ಲದ ಅರ್ಜಿದಾರ!" ಅಂದ ಜಂಶೀರ,
"ನಿನ್ನ ಪುಣ್ಯ."
ಕೈಯ ಫೋನಿನಲ್ಲಿ ಇನ್ನೂ ಹಲೋ, ಹಲೋ.

ಅಳೆಯಬಾರದಿತ್ತೇನೋ. ಅಳೆದೆ, ಸುಳ್ಳೇಕೆ:
ಇಪ್ಪತ್ತಮೂರೂವರೆ ಸೆಂಟಿಮೀಟರು.
ಬರೆದುಕೊಳ್ಳುವಷ್ಟರಲ್ಲಿ ಬೆಳಕು ಹಳದಿಯಾಗಿ, ಕಂದಾಗಿ,
ಇಲ್ಲ.
ಕತ್ತಲಲ್ಲಿ ಮುಖಕ್ಕೆ ಬೀಸಣಿಗೆಯ ಗಾಳಿಯಂಥದ್ದು ಒಂದು ಸಲ.

ಬೊಳ್ಳಮ್ಮ ಮಲಗಿದ್ದಂತೆಯೇ ಪಿಕಪ್ಪು ತಳ್ಳಿದೆವು,
ಕಣದಿಂದ ಡಾಂಬರಿನವರೆಗೆ, ನಗುತ್ತಾ, ಬೈಯುತ್ತಾ.
ಗೇರು ಬಿದ್ದು ಎಂಜಿನ್ನು ಕೆಮ್ಮಿದಾಗ ಎದ್ದು ಕೇಳಿದಳು:
"ಬಂತಾ?"

ಅದಾದ ಮೇಲೆ ನಾಲ್ಕು ಶನಿವಾರ
ಯಾರಿಗಾದರೂ ಏನಾದರೂ.
ಹಾಸಿಗೆ ಅಂಟಿದ ಕಂದು ಪುಡಿ ಒಗೆದರೂ ಹೋಗಲಿಲ್ಲವಂತೆ.
ಹದಿನೇಳನೇ ಮಂಚದ ತಾತ
ಬೆರಳಲ್ಲಿ ಉಜ್ಜಿ ನೋಡಿ ಕೇಳಿದರಂತೆ,
"ಯಾರಮ್ಮಾ ಇಲ್ಲಿ ಕಾಫಿ ಚೆಲ್ಲಿದ್ದು?"